ಡಿಸ್ಕ್ ತುಂಬಿದೆ, ಫೈಲ್ ಮಾತ್ರ ಕಾಣುತ್ತಿಲ್ಲ

ಬೆಳಿಗ್ಗೆ ಸಹೋದ್ಯೋಗಿಯೊಬ್ಬರು ಹಿಂದಿನ ವಾರದ ಒಂದು ದಿನದ ಬ್ಯಾಕಪ್ ಕೇಳಿದರು. ಸ್ಕ್ರಿಪ್ಟಿನ ಲಾಗ್‌ನಲ್ಲಿ ಆ ರಾತ್ರಿ 'ಯಶಸ್ವಿ' ಎಂದೇ ಇತ್ತು. ಆದರೆ ಬ್ಯಾಕಪ್ ಡಿಸ್ಕಿನಲ್ಲಿ ಆ ಫೈಲ್ ಇಲ್ಲ. ಇಡೀ ಲಿನಕ್ಸ್ ಸರ್ವರ್ ಮೇಲೆ ಫೈಲ್ ಹುಡುಕುವ ಫೈಂಡ್ ಕಮ್ಯಾಂಡ್ ಓಡಿಸಿದೆ, ಸಿಗಲಿಲ್ಲ.

ಸಂಜೆ ಇನ್ನೊಂದು ತಲೆನೋವು. 50 ಜಿಬಿಯ ರೂಟ್ ಪಾರ್ಟಿಷನ್ (ಸಿಸ್ಟಮ್ ಇರುವ ಮುಖ್ಯ ಡಿಸ್ಕ್ ಭಾಗ) ಭರ್ತಿ ಎಂದಿತು, ಡಿಸ್ಕಿನ ಜಾಗ ತೋರಿಸುವ ಡಿಎಫ್ ಕಮ್ಯಾಂಡ್. ಬಳಕೆ 47 ಜಿಬಿ. (ಉಳಿದ ಸುಮಾರು ಮೂರು ಎಲ್ಲಿ ಎಂದು ಗಾಬರಿ ಬೇಡ, ಇಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಫೈಲ್‌ಸಿಸ್ಟಮ್ ಆದ ಇಎಕ್ಸ್‌ಟಿ4 ಸಾಮಾನ್ಯವಾಗಿ ಶೇ. 5ರಷ್ಟನ್ನು ರೂಟ್ ಎಂಬ ಮುಖ್ಯ ಬಳಕೆದಾರನಿಗೆಂದು ಎತ್ತಿಡುತ್ತದೆ.) ಫೈಲ್‌ಗಳ ಗಾತ್ರ ಕೂಡಿಸುವ ಡಿಯು ಕಮ್ಯಾಂಡ್ ಎಣಿಸಿದ್ದು ಬರೀ 20. ನಡುವಿನ 27 ಜಿಬಿಗೆ ಲೆಕ್ಕವೇ ಇಲ್ಲ.

ಎರಡೂ ಸುಳ್ಳು ಹೇಳುತ್ತಿರಲಿಲ್ಲ. ಡಿಎಫ್ ಫೈಲ್‌ಸಿಸ್ಟಮ್ಮಿನ ಖಾತೆ ಪುಸ್ತಕ ನೋಡಿ ಹೇಳುತ್ತದೆ, ಎಷ್ಟು ಬ್ಲಾಕ್ (ಡಿಸ್ಕಿನ ಜಾಗದ ತುಂಡು) ಹೋಗಿದೆ ಅಂತ. ಡಿಯು ಪ್ರತಿ ಡೈರೆಕ್ಟರಿಗೂ ಹೊಕ್ಕು ಹೆಸರಿರುವುದನ್ನಷ್ಟೇ ಕೂಡಿಸುತ್ತದೆ. ಅಂದರೆ ನಾನು ಹುಡುಕಬೇಕಿದ್ದದ್ದು ಜಾಗ ಹಿಡಿದಿರುವ, ಆದರೆ ಹೆಸರು ಹಿಡಿದು ಕರೆದರೆ ಬಾರದ ಫೈಲ್‌ಗಳನ್ನು.

ಮೊದಲ ಅನುಮಾನ ನನ್ನ ಮೇಲೆಯೇ. ಎರಡು ದಿನದ ಹಿಂದೆ ಉಬ್ಬಿದ್ದ ಲಾಗ್ ಫೈಲೊಂದನ್ನು ಆರ್‌ಎಂ ಕೊಟ್ಟು ಅಳಿಸಿದ್ದೆ. ಆರ್‌ಎಂ ಅಳಿಸುವುದು ಹೆಸರನ್ನು. ಯಾವುದಾದರೂ ಪ್ರಾಸೆಸ್ (ಓಡುತ್ತಿರುವ ಪ್ರೋಗ್ರಾಂ) ಫೈಲನ್ನು ತೆರೆದಿಟ್ಟುಕೊಂಡಿದ್ದರೆ ಇನೋಡ್ (ಫೈಲಿನ ವಿವರದ ದಾಖಲೆ), ಬ್ಲಾಕ್‌ಗಳು ಹಾಗೇ ಉಳಿಯುತ್ತವೆ. ತೆರೆದಿರುವ ಫೈಲ್‌ಗಳನ್ನು ತೋರಿಸುವ ಎಲ್‌ಎಸ್‌ಒಎಫ್‌ಗೆ ಪ್ಲಸ್ ಎಲ್ 1 ಕೊಟ್ಟರೆ ಇಂಥ ಹೆಸರು ಕಳೆದುಕೊಂಡವುಗಳ ಪಟ್ಟಿ ಬರುತ್ತದೆ. ಬಂತು: 16 ಜಿಬಿ. ಅದನ್ನು ಹಿಡಿದಿದ್ದ ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಜಾಗ ಬಿಡುಗಡೆಯಾಗುತ್ತದೆ, ಆದರೆ ಅದಕ್ಕೆ ಹೊತ್ತಲ್ಲ ಅದು. ಓಡುತ್ತಿರುವ ಪ್ರಾಸೆಸ್‌ಗಳ ವಿವರ ಸಿಗುವ ಪ್ರೊಕ್ ಡೈರೆಕ್ಟರಿಯಲ್ಲಿ ಆ ಪ್ರಾಸೆಸ್ ನಂಬರಿನ ಒಳಗಿರುವ, ಅದು ತೆರೆದಿಟ್ಟ ಫೈಲ್‌ಗಳ ಪಟ್ಟಿಯಾದ ಎಫ್‌ಡಿ ಮೂಲಕ ಮೊದಲು ಒಂದು ಪ್ರತಿ ತೆಗೆದು ಬ್ಯಾಕಪ್ ಡಿಸ್ಕಿಗೆ ಹಾಕಿದೆ, ಆಮೇಲೆ ಅಲ್ಲಿಂದಲೇ ಫೈಲನ್ನು ಸೊನ್ನೆಗೆ ಇಳಿಸಿದೆ. ಅಳಿಸಿದ ಫೈಲೂ ಹೀಗೆ ವಾಪಸ್ ಬರುತ್ತದೆ, ಪ್ರಾಸೆಸ್ ಬದುಕಿರುವ ತನಕ.

ಇನ್ನೂ 11 ಜಿಬಿ ಬಾಕಿ. ಇಲ್ಲಿ ಒಂದು ಗಂಟೆ ಸುಮ್ಮನೆ ಹಾಳು ಮಾಡಿದೆ: ಚುಕ್ಕೆಯಿಂದ ಶುರುವಾಗುವ (ಅಂದರೆ ಅಡಗಿಸಿಟ್ಟ) ಹೆಸರುಗಳು, ಮಾಲೀಕನಿಲ್ಲದ ಫೈಲ್‌ಗಳು, ಲಾಸ್ಟ್ ಪ್ಲಸ್ ಫೌಂಡ್ (ಡಿಸ್ಕ್ ರಿಪೇರಿಯಲ್ಲಿ ಸಿಕ್ಕ ಅನಾಥ ಫೈಲ್‌ಗಳು ಬೀಳುವ ಡೈರೆಕ್ಟರಿ), ಒಂದರಲ್ಲೂ ಏನೂ ಇಲ್ಲ. ಆಮೇಲೆ ಹೊಳೆಯಿತು. ಡೈರೆಕ್ಟರಿಯ ಮೇಲೆ ಡಿಸ್ಕ್ ಮೌಂಟ್ ಮಾಡಿದರೆ (ಅಂದರೆ ಡಿಸ್ಕನ್ನು ಅಲ್ಲಿ ಜೋಡಿಸಿದರೆ) ಆ ಡೈರೆಕ್ಟರಿಯೊಳಗೆ ಮೊದಲೇ ಇದ್ದದ್ದು ಮುಚ್ಚಿಹೋಗುತ್ತದೆ. ಅಲ್ಲೇ ಇರುತ್ತದೆ, ಕಾಣುವುದಿಲ್ಲ. ರೂಟ್ ಡೈರೆಕ್ಟರಿಯನ್ನು ಎಂಎನ್‌ಟಿ ಎಂಬ ಡೈರೆಕ್ಟರಿಗೆ ಬೈಂಡ್ ಮೌಂಟ್ ಮಾಡಿ (ಅದೇ ಡೈರೆಕ್ಟರಿ ಇನ್ನೊಂದು ಜಾಗದಲ್ಲೂ ಕಾಣುವಂತೆ ಮಾಡಿ) ನೋಡಿದೆ. ಬರೀ ಬೈಂಡ್ ಕೊಟ್ಟರೆ ಒಳಗಿನ ಮೌಂಟ್‌ಗಳು ಜೊತೆಗೆ ಬರುವುದಿಲ್ಲ, ನಮಗೆ ಬೇಕಾದದ್ದೂ ಅದೇ. ಬ್ಯಾಕಪ್ ಡೈರೆಕ್ಟರಿಯ ತಳದಲ್ಲಿ 11 ಜಿಬಿಯ ಒಂದೇ ಫೈಲ್ ಕೂತಿತ್ತು. ಬೆಳಿಗ್ಗೆಯಿಂದ ಹುಡುಕುತ್ತಿದ್ದ ಅದೇ ಬ್ಯಾಕಪ್! ಬಗಲಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದೆ.

ಆ ರಾತ್ರಿ ಡಿಸ್ಕ್ ಮೌಂಟ್ ಆಗಿರಲಿಲ್ಲ. ಡೈರೆಕ್ಟರಿ ಇತ್ತಲ್ಲ, ಸ್ಕ್ರಿಪ್ಟ್ ತನ್ನ ಪಾಡಿಗೆ ರೂಟ್ ಡಿಸ್ಕಿಗೇ ಬರೆದು ಕೈ ತೊಳೆದುಕೊಂಡಿತ್ತು. ಮಾರನೇ ದಿನ ರೀಬೂಟ್ ಆದಾಗ ಡಿಸ್ಕ್ ಬಂದು ಅದರ ಮೇಲೆ ಕೂತಿತು.

ಫೈಲನ್ನು ಸರಿಯಾದ ಡಿಸ್ಕಿಗೆ ಸಾಗಿಸಿದ ಮೇಲೆ ಅನ್‌ಮೌಂಟ್ ಮಾಡಿ, ಖಾಲಿ ಡೈರೆಕ್ಟರಿಗೆ, ಬದಲಾವಣೆಗೆ ಬೀಗ ಹಾಕುವ ಚಾಟರ್ ಪ್ಲಸ್ ಐ ಹಾಕಿ, ಮತ್ತೆ ಮೌಂಟ್ ಮಾಡಿದೆ. ಈಗ ಡಿಸ್ಕ್ ಇಲ್ಲದಿದ್ದರೆ ಅಲ್ಲಿ ರೂಟ್ ಕೂಡ ಬರೆಯಲಾರ. ಸ್ಕ್ರಿಪ್ಟ್ ಎರರ್ ಕೊಟ್ಟು ನಿಲ್ಲುತ್ತದೆ. ಒಮ್ಮೆ ನಿಂತೂ ಇದೆ, ಬೆಳಗಿನ ಜಾವ ಮೂರಕ್ಕೆ ನನ್ನನ್ನು ಎಬ್ಬಿಸಿ.