ಮಂಡೆಬಿಸಿ ಇಳಿಸೋಕೆ ಒಂದು ವೆಬ್‌ಸೈಟ್: ನಾನು ಕಟ್ಟಿದ ಬಗೆ

ಕಾರವಾರದಲ್ಲಿ ಕೂತು ವೆಬ್‌ಸೈಟ್ ಮಾಡಿಕೊಡುವುದು ನನ್ನ ಕಸುಬು. ಹೋಮ್‌ಸ್ಟೇ, ಅಂಗಡಿ, ಶಾಲೆ, ಹೀಗೆ. ಇವುಗಳ ನಡುವೆ ನನಗೆ ತೀರಾ ಹತ್ತಿರದ್ದು ಅಂದರೆ ತಲೆಬಿಸಿಯಲ್ಲಿರುವವರಿಗಾಗಿ ಕನ್ನಡದಲ್ಲಿ ಕಟ್ಟಿದ ಒಂದು ಚಿಕ್ಕ ಸೈಟು. ಪರೀಕ್ಷೆ ಎದುರಿಗಿರುವ ಮಕ್ಕಳು, ಮಳೆಗಾಲ ಬಂತೆಂದರೆ ಕೊಳೆರೋಗದ ಚಿಂತೆ ಹತ್ತುವ ಶಿರಸಿ ಕಡೆಯ ಅಡಿಕೆ ಬೆಳೆಗಾರರು, ಜೂನ್–ಜುಲೈನ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯದೆ ಕೈ ಖಾಲಿಯಾಗುವ ಮೀನುಗಾರರ ಮನೆಯವರು, ಇವರೇ ನನ್ನ ಕಣ್ಣ ಮುಂದಿದ್ದವರು.

ಒಂದು ಮಾತು ಮೊದಲೇ ಗಟ್ಟಿ ಮಾಡಿಕೊಂಡೆ. ದಣಿದ ಮನಸ್ಸಿನವರನ್ನು ಏನೂ ಕೇಳಬಾರದು. ಹೆಸರು ಬೇಡ, ಮೊಬೈಲ್ ನಂಬರ್ ಬೇಡ, ಓಟಿಪಿ ಬೇಡ. ತೆರೆದ ಕೂಡಲೇ ಒಂದು ವೃತ್ತ, ಅದರ ಕೆಳಗೆ ‘ಶುರು ಮಾಡಿ’ ಅನ್ನೋ ಬಟನ್. ಉಳಿದದ್ದೆಲ್ಲ ಕೆಳಗೆ, ಬೇಕಾದವರಿಗೆ.

ಆ ವೃತ್ತಕ್ಕೆ ನಾನು ಜಾಸ್ತಿ ಹೊತ್ತು ಕೊಟ್ಟೆ. ಅದು 4 ಸೆಕೆಂಡ್ ಹಿಗ್ಗುತ್ತದೆ, 6 ಸೆಕೆಂಡ್ ಕುಗ್ಗುತ್ತದೆ. ಅದರ ಜೊತೆ ಉಸಿರಾಡಿದರೆ ನಿಮಿಷಕ್ಕೆ 6 ಉಸಿರು. ಸುಮ್ನೆ ಕೂತಿದ್ದಾಗ ದೊಡ್ಡವರು ಸಾಮಾನ್ಯವಾಗಿ 12ರಿಂದ 20 ಸಲ ಉಸಿರಾಡುತ್ತಾರೆ. ಉಸಿರು ಹೊರಗೆ ಬಿಡುವಾಗ, ಮಿದುಳಿನಿಂದ ಎದೆಗೆ ಇಳಿಯುವ ವೇಗಸ್ ನರದ ಕೆಲಸ ಹೆಚ್ಚಿ ಎದೆಬಡಿತ ಸ್ವಲ್ಪ ನಿಧಾನವಾಗುತ್ತದೆ. ಬಿಡುವ ಹೊತ್ತನ್ನು ಉದ್ದ ಮಾಡಿದ್ದು ಅದಕ್ಕೇ. ಉಸಿರು ಹಿಡಿದಿಟ್ಟುಕೊಳ್ಳಿ ಅಂತ ಎಲ್ಲೂ ಹೇಳಿಲ್ಲ. ಗಾಬರಿಯಾದವರಿಗೆ ಮೊದಲೇ ಉಸಿರು ಕಟ್ಟಿದ ಹಾಗಿರುತ್ತದೆ, ಅವರಿಗೆ ಮತ್ತೆ ಹಿಡಿ ಅನ್ನಬಾರದು.

ವೃತ್ತ ಒಂದೇ ವೇಗದಲ್ಲಿ ಹಿಗ್ಗಿದರೆ ಪಂಪ್ ನೋಡಿದ ಹಾಗಾಗುತ್ತದೆ. ಶುರುವಿನಲ್ಲಿ ಮೆಲ್ಲಗೆ, ನಡುವೆ ಚುರುಕು, ಕೊನೆಗೆ ಮತ್ತೆ ಮೆಲ್ಲಗೆ ಹೋದರೆ ಉಸಿರಿಗೆ ಹೊಂದುತ್ತದೆ. ಪುಟದ ರೂಪ, ಚಲನೆ ಬರೆಯುವ ಭಾಷೆ ಸಿಎಸ್‌ಎಸ್. ಅದರಲ್ಲಿರುವ ಈಸ್-ಇನ್-ಔಟ್ ಇದಕ್ಕೆ ಸಾಕು. ಅಗಲ–ಎತ್ತರ ಬದಲಿಸುವ ಬದಲು ಟ್ರಾನ್ಸ್‌ಫಾರ್ಮ್ ಅನ್ನೋ ಸೂಚನೆಯಲ್ಲಿ ಸ್ಕೇಲ್, ಅಂದರೆ ಹಿಗ್ಗುವ–ಕುಗ್ಗುವ ಪ್ರಮಾಣ ಮಾತ್ರ ಬದಲಿಸಿದೆ. ಹಳೇ ಫೋನ್‌ನಲ್ಲೂ ತಡವರಿಸುವುದಿಲ್ಲ. ಚಲಿಸುವ ಚಿತ್ರ ನೋಡಿದರೆ ತಲೆಸುತ್ತು ಬರುವವರು ಫೋನಿನ ಸೆಟ್ಟಿಂಗ್‌ನಲ್ಲಿ ಅನಿಮೇಷನ್ ಕಡಿಮೆ ಮಾಡಿಟ್ಟಿರುತ್ತಾರೆ. ಸೈಟು ಅದನ್ನು ಗುರುತಿಸಿ, ವೃತ್ತ ಅಲ್ಲಾಡಿಸದೆ ಬಣ್ಣವನ್ನಷ್ಟೇ ನಿಧಾನಕ್ಕೆ ಬದಲಿಸುತ್ತದೆ. ಕಣ್ಣು ಮುಚ್ಚಿ ಮಾಡುವವರಿಗೆ ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಸಣ್ಣ ವೈಬ್ರೇಷನ್ ಇದೆ. ಐಫೋನ್‌ನ ಸಫಾರಿ ಅದಕ್ಕೆ ಒಪ್ಪುವುದಿಲ್ಲ, ಅಲ್ಲಿ ಮೆಲುವಾದ ಗಂಟೆಯ ಸದ್ದು.

ಇನ್ನು ಸದ್ದಿನ ವಿಷಯ. ಕಾರವಾರದವನು ಇಂಥ ಸೈಟು ಮಾಡಿ ಕಡಲಿನ ಸದ್ದು ಹಾಕದೆ ಇರುವುದುಂಟಾ? ಟ್ಯಾಗೋರ್ ಬೀಚಿನ ಪಕ್ಕದಲ್ಲೇ ಹೆದ್ದಾರಿ 66 ಹೋಗುತ್ತದೆ, ಅಲ್ಲಿ ಹಾರ್ನ್ ಬೀಳದ ರೆಕಾರ್ಡಿಂಗ್ ಸಿಗುವುದು ಕಷ್ಟ. ಹಾಗಾಗಿ ಮಾಜಾಳಿಯಿಂದ ಗುಡ್ಡ ದಾಟಿ ತೀಳ್‌ಮಾತಿಗೆ ಹೋದೆ. ಕಪ್ಪು ಮರಳಿನ ಚಿಕ್ಕ ತೀರ, ಬೆಳಗಿನ ಹೊತ್ತು ಜನ ಇರುವುದಿಲ್ಲ. ಮಳೆಗಾಲದ ಕಡಲು ಬಿಡುವಿಲ್ಲದೆ ಮೊರೆಯುತ್ತದೆ, ಅದು ಬೇಡ. ಮಳೆ ಮುಗಿದ ಮೇಲೆ ಒಂದು ಅಲೆ ಬಂದು, ಸರಿದು, ಮತ್ತೊಂದು ಬರುವ ನಡುವೆ ಸ್ವಲ್ಪ ಬಿಡುವಿರುತ್ತದೆ. ನನಗೆ ಬೇಕಾಗಿದ್ದು ಆ ಬಿಡುವು. ಮೈಕಿಗೆ ತುಪ್ಪಳದ ಕವರ್ ಹಾಕಲೇಬೇಕು, ಇಲ್ಲದಿದ್ದರೆ ಗಾಳಿಯ ಗೊರಗೊರ ಬಿಟ್ಟು ಬೇರೇನೂ ಕೇಳುವುದಿಲ್ಲ.

ಎಂಪಿ3 ಫೈಲನ್ನು ಸುತ್ತಿ ಸುತ್ತಿ ನುಡಿಸಿದರೆ ಪ್ರತಿ ಸಲ ಕೊನೆಯಲ್ಲಿ ಚೂರು ಮೌನ ಬೀಳುತ್ತದೆ. ಆ ಫಾರ್ಮ್ಯಾಟೇ ತುದಿಗಳಲ್ಲಿ ಸ್ವಲ್ಪ ಖಾಲಿ ಸೇರಿಸುತ್ತದೆ. ಅಲೆಯ ಸದ್ದು ಹೀಗೆ ತುಂಡಾದರೆ ಕೇಳುವವರು ಬೆಚ್ಚುತ್ತಾರೆ. ಅದಕ್ಕೆ ಬ್ರೌಸರಿನಲ್ಲೇ ಸದ್ದು ಬೆರೆಸುವ ವೆಬ್ ಆಡಿಯೋ ಸೌಲಭ್ಯದಲ್ಲಿ ಒಂದೇ ಫೈಲನ್ನು ಎರಡು ಸಲ ತೆಗೆದುಕೊಂಡು, ಮೊದಲನೆಯದರ ಬಾಲಕ್ಕೆ ಎರಡನೆಯದರ ತಲೆಯನ್ನು ಕೆಲವು ಸೆಕೆಂಡ್ ಮೇಲೊಂದು ಬರುವ ಹಾಗೆ ಬೆಸೆದೆ. ಸೆಕೆಂಡಿಗೆ 64 ಕಿಲೋಬಿಟ್ (ಕೆಬಿಪಿಎಸ್) ಲೆಕ್ಕದಲ್ಲಿ, ಒಂದೇ ಚಾನೆಲ್‌ನ ಮೋನೋದಲ್ಲಿ ಉಳಿಸಿದರೆ 2 ನಿಮಿಷದ ಫೈಲು ಒಂದು ಎಂಬಿಯೊಳಗೆ ಮುಗಿಯುತ್ತದೆ.

ಇದನ್ನು ಬೈತಖೋಲ್ ಕಡೆಯ ಒಬ್ಬ ಅಕ್ಕನಿಗೆ ಕೇಳಿಸಿದೆ. ಅವರ ಗಂಡ ಬೋಟಿಗೆ ಹೋಗುವವರು. ಇಯರ್‌ಫೋನ್ ತೆಗೆದು ಕೈಗೆ ಕೊಟ್ಟು ಹೇಳಿದರು: “ಇದು ಬೇಡ ತಮ್ಮಾ. ಗಾಳಿ ಎದ್ದ ರಾತ್ರಿ ಇದೇ ಸದ್ದು ಕೇಳ್ತಾ ನಾವು ನಿದ್ದೆ ಇಲ್ದೆ ಕೂತಿರ್ತೇವೆ.” ಶಿರಸಿಯ ತೋಟಿಗ ಗೆಳೆಯನಿಗೆ ಮಳೆಯ ಸದ್ದು ಹಾಕಿದರೆ, ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯಲು ಮರ ಹತ್ತುವ ಕೊನೆಗೌಡ ಸಿಗ್ತಾನೋ ಇಲ್ವೋ ಅನ್ನೋದೇ ಅವನ ತಲೆಯಲ್ಲಿ. ಬೆಂಗಳೂರಿನಿಂದ ರಜೆಗೆ ಬಂದವರಿಗೆ ಹಿತವಾಗುವ ಸದ್ದು ಇಲ್ಲಿಯವರಿಗೆ ದುಡಿಮೆಯ ಸದ್ದು, ಭಯದ ಸದ್ದು. ಹಾಗಾಗಿ ಸೈಟು ಸದ್ದಿಲ್ಲದೇ ತೆರೆಯುತ್ತದೆ. ಕಡಲು, ಹಳ್ಳದ ನೀರು, ಬೆಳಗಿನ ಹಕ್ಕಿ, ಈ ಮೂರರಲ್ಲಿ ಬೇಕಾದ್ದನ್ನು ಅವರೇ ಹಾಕಿಕೊಳ್ಳಬಹುದು. ನನ್ನ ಪ್ರಕಾರ ಇಡೀ ಸೈಟಿನಲ್ಲಿ ಇದಕ್ಕಿಂತ ಮುಖ್ಯವಾದ ತೀರ್ಮಾನ ಇಲ್ಲ.

ಅಕ್ಷರಕ್ಕೆ ಬಳಸಿದ ಫಾಂಟ್ ನೋಟೋ ಸಾನ್ಸ್ ಕನ್ನಡ. ಸಾಲಿನ ಎತ್ತರ ಅಕ್ಷರದ ಅಳತೆಯ 1.8 ಪಟ್ಟು, ಒತ್ತಕ್ಷರ ಕೆಳಗಿನ ಸಾಲಿಗೆ ತಾಗಬಾರದು. ಶಾಂತವಾಗಿ ಕಾಣಲಿ ಅಂತ ಬಿಳಿ ಮೇಲೆ ತೆಳು ಬೂದು ಅಕ್ಷರ ಹಾಕುವ ಚಾಳಿ ಇದೆ, ಅಮ್ಮಂದಿರಿಗೆ ಅದು ಓದಲಿಕ್ಕೇ ಆಗುವುದಿಲ್ಲ. ಅಕ್ಷರ ಮತ್ತು ಹಿನ್ನೆಲೆಯ ಬಣ್ಣಗಳ ಹೊಳಪಿನ ವ್ಯತ್ಯಾಸ (ಕಾಂಟ್ರಾಸ್ಟ್) 4.5:1ಕ್ಕಿಂತ ಕೆಳಗಿಳಿಯದ ಹಾಗೆ ನೋಡಿಕೊಂಡೆ.

ದಿನಾ ಮನಸ್ಸು ಹೇಗಿತ್ತು ಅಂತ ಬರೆದಿಡುವ ಡೈರಿ ಹಾಕಿ ಅಂತ ಕೆಲವರು ಹೇಳಿದರು. ಹಾಕಲಿಲ್ಲ. ನಮ್ಮ ಕಡೆ ಎಷ್ಟೋ ಮನೆಯಲ್ಲಿ ಇರುವುದೊಂದೇ ಫೋನ್. ಮಗಳು ಬರೆದದ್ದನ್ನು ಅಪ್ಪ ಓದಿಬಿಟ್ಟರೆ? ಸೈಟು ನೆನಪಿಡುವುದು ಆರಿಸಿದ ಸದ್ದನ್ನು ಮಾತ್ರ, ಅದೂ ಆ ಫೋನಿನಲ್ಲೇ. ಒಮ್ಮೆ ತೆರೆದರೆ, ಬ್ರೌಸರಿನ ಹಿನ್ನೆಲೆಯಲ್ಲಿ ಓಡುವ ಸರ್ವೀಸ್ ವರ್ಕರ್ ಎಂಬ ಚಿಕ್ಕ ಪ್ರೋಗ್ರಾಂ ಸೈಟಿನ ಪುಟ, ಸದ್ದು ಎಲ್ಲವನ್ನೂ ಫೋನಿನಲ್ಲೇ ಉಳಿಸಿಡುತ್ತದೆ, ನೆಟ್ ಬೇಕಿಲ್ಲ. ಘಟ್ಟದ ಮೇಲೆ ಕರೆಂಟ್ ಹೋಗಿ ಟವರ್ ಸತ್ತ ರಾತ್ರಿಯೂ ವೃತ್ತ ಉಸಿರಾಡುತ್ತದೆ.

ಪ್ರತಿ ಪುಟದ ಅಡಿಯಲ್ಲಿ 14416 ಇದೆ, ಮುಟ್ಟಿದರೆ ನೇರ ಕರೆ ಹೋಗುತ್ತದೆ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಟೆಲಿ-ಮಾನಸ್ ಸೇವೆ ಅದು. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಉಸಿರಾಟದಿಂದ ತಾತ್ಕಾಲಿಕ ಹಗುರ ಸಿಗುತ್ತದೆ, ಕಾಯಿಲೆ ವಾಸಿಯಾಗುವುದಿಲ್ಲ. ವಾರಗಟ್ಟಲೆ ನಿದ್ದೆ ಇಲ್ಲದವರು, ಬದುಕೇ ಬೇಡ ಅನ್ನಿಸಿದವರು ವೃತ್ತ ನೋಡುತ್ತಾ ಕೂರಬಾರದು, ಕರೆ ಮಾಡಬೇಕು, ಡಾಕ್ಟರ್ ಹತ್ತಿರ ಹೋಗಬೇಕು. ಇದನ್ನು ಅಷ್ಟೇ ನೇರವಾಗಿ ಅಲ್ಲಿ ಬರೆದಿದ್ದೇನೆ.

ಈಗ ಉಸಿರಾಟದ ಸೂಚನೆಗಳನ್ನು ಕೊಂಕಣಿಯಲ್ಲಿ ಹೇಳುವ ದನಿ ಸೇರಿಸುವ ಕೆಲಸ ನಡೀತಾ ಇದೆ. ಕಾರವಾರದ ಎಷ್ಟೋ ಅಜ್ಜಿಯಂದಿರಿಗೆ ಓದಲು ಬರುವುದಿಲ್ಲ, ಕೇಳಿದರೆ ಅರ್ಥವಾಗುತ್ತದೆ. ಉಸಿರು ಬಿಡಿ ಅನ್ನುವ ಮಾತು 6 ಸೆಕೆಂಡಿನೊಳಗೆ ಮುಗಿದು, ಆಮೇಲೂ ಉಸಿರು ಬಿಡಲು ಜಾಗ ಉಳಿಯಬೇಕು. ಅದಕ್ಕೇ ಒಂದೊಂದು ವಾಕ್ಯವನ್ನೂ ಜೋರಾಗಿ ಓದಿ, ಕತ್ತರಿಸಿ, ಮತ್ತೆ ಓದುತ್ತಿದ್ದೇವೆ.