ಮೀಟಿಂಗ್ ಮುಗಿದ ಮೇಲೂ ಹತ್ತು ನಿಮಿಷ ಇರಿ

ಕುಡಿತ ಬಿಡಬೇಕು ಅಂತ ತೀರ್ಮಾನ ಮಾಡಿದ ಮೇಲೆ ನಾನು ಮೊದಲು ಹೋಗಿದ್ದು ಡಾಕ್ಟರ್ ಹತ್ತಿರ. ಕುಡಿತ ಬಿಡುವವರು ಒಟ್ಟಿಗೆ ಕೂತು ಮಾತಾಡುವ ಮೀಟಿಂಗ್‌ಗೆ ಹೋಗಿದ್ದು ಆಮೇಲೆ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುವುದು, ಬೆವರುವುದು ಬಿಡಿ, ಫಿಟ್ಸ್ ಕೂಡ ಬರಬಹುದು. ಎರಡು ಮೂರು ದಿನಕ್ಕೆ ಇಲ್ಲದ್ದೆಲ್ಲ ಕಣ್ಣಿಗೆ ಕಾಣಿಸತೊಡಗಿದರೆ ಪ್ರಾಣಕ್ಕೇ ಅಪಾಯ. ಅಂಥವರು ಹಠ ಹಿಡಿದು ಮನೆಯಲ್ಲೇ ಒಬ್ಬರೇ ಬಿಡಲು ಹೊರಡಬೇಡಿ. ಮೀಟಿಂಗ್‌ನಲ್ಲಿ ಔಷಧಿ ಕೊಡುವುದಿಲ್ಲ.

ಮೀಟಿಂಗ್ ಹುಡುಕುವುದು ಕಷ್ಟವಾಗಲಿಲ್ಲ. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಸಂಘಟನೆ ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರೂ ಎಎ ಅನ್ನುತ್ತಾರಲ್ಲ, ಅವರ ವೆಬ್‌ಸೈಟಿನಲ್ಲೂ 'ಮೀಟಿಂಗ್ ಗೈಡ್' ಎಂಬ ಆ್ಯಪ್‌ನಲ್ಲೂ ದಿನ, ಸಮಯ, ಜಾಗ ಎಲ್ಲ ಇರುತ್ತದೆ. 'ಓಪನ್' ಅಂತಿದ್ದರೆ ಯಾರು ಬೇಕಾದರೂ ಹೋಗಬಹುದು, ಮನೆಯವರೂ ಜೊತೆಗೆ ಬರಬಹುದು. 'ಕ್ಲೋಸ್ಡ್' ಅಂತಿದ್ದರೆ ಕುಡಿತ ಬಿಡಬೇಕು ಅನ್ನುವವರಿಗೆ ಮಾತ್ರ. ಆನ್‌ಲೈನ್ ಮೀಟಿಂಗ್‌ಗಳೂ ಇವೆ. ಕ್ಯಾಮೆರಾ ಆಫ್ ಮಾಡಿ ಕೂರಲು ಬಿಡುವ ಗುಂಪುಗಳೂ ಇವೆ. ಹೊಸ್ತಿಲು ದಾಟಲು ಧೈರ್ಯ ಸಾಲದವರಿಗೆ ಅದು ಒಳ್ಳೆಯ ದಾರಿ.

ನಾನು ಹೋಗುವ ಮುಂಚೆ ಅಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಫೋನ್ ಎತ್ತಿದವರೂ ಒಂದು ಕಾಲಕ್ಕೆ ಕುಡಿಯುತ್ತಿದ್ದವರೇ. "ನಾನು ಮಾತಾಡಲೇಬೇಕಾ?" ಅಂತ ಕೇಳಿದೆ. "ಬೇಡ, ಸುಮ್ನೆ ಬಂದು ಕೂತ್ಕೊಳ್ಳಿ" ಅಂದರು. "ಹೆಸರು?" ಅಂದೆ. "ನೀವು ಏನು ಹೇಳಿದರೆ ಅದು." ನನ್ನ ಅರ್ಧ ಭಯ ಅಲ್ಲೇ ಇಳಿಯಿತು.

ಒಳಗೆ ಸುತ್ತಲೂ ಕುರ್ಚಿ ಹಾಕಿದ್ದರು. ಒಬ್ಬರು ಶುರು ಮಾಡಿ ಸ್ವಲ್ಪ ಓದಿದರು, ಆಮೇಲೆ ಒಬ್ಬೊಬ್ಬರಾಗಿ ತಮ್ಮ ವಿಷಯ ಹೇಳಿಕೊಂಡರು. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡಲಿಲ್ಲ, ಬುದ್ಧಿ ಹೇಳಲಿಲ್ಲ. ನನಗೆ ಇದೇ ಹೆಚ್ಚು ಹಿಡಿಸಿತು. ಮನೆಯಲ್ಲಿ, ಆಫೀಸಿನಲ್ಲಿ ಕೇಳಿದ ಬುದ್ಧಿಮಾತು ಆಗಲೇ ಸಾಕಷ್ಟಿತ್ತು. ನನ್ನ ಸರದಿ ಬಂದಾಗ "ಇವತ್ತು ಕೇಳ್ತೀನಿ ಅಷ್ಟೇ" ಅಂದೆ, ಸರದಿ ಪಕ್ಕದವರಿಗೆ ಹೋಯಿತು. ಕೊನೆಯಲ್ಲಿ ಒಂದು ಚೀಲ ಕೈಯಿಂದ ಕೈಗೆ ಬಂತು. ಎಎ ಹೊರಗಿನವರಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ, ಖರ್ಚನ್ನು ಸದಸ್ಯರೇ ಹಂಚಿಕೊಳ್ಳುತ್ತಾರೆ. ಹಾಕಲೇಬೇಕು ಅಂತಿಲ್ಲ, ಫೀಸೂ ಇಲ್ಲ.

ದೇವರ ಮಾತು ನನಗೆ ಸ್ವಲ್ಪ ಕಿರಿಕಿರಿ ಮಾಡಿದ್ದು ನಿಜ. ಕುಡಿತದಿಂದ ಹೊರಬರಲು ಎಎಯವರು ಹೇಳುವ 12 ಹೆಜ್ಜೆಗಳಲ್ಲಿ ದೇವರ ಪ್ರಸ್ತಾಪ ಹಲವು ಕಡೆ ಬರುತ್ತದೆ. ನಿಮಗೆ ತಿಳಿದಂತೆ ಅರ್ಥ ಮಾಡಿಕೊಳ್ಳಿ ಅನ್ನುತ್ತಾರೆ, ಒತ್ತಾಯವಿಲ್ಲ. ಅದೂ ಒಗ್ಗದವರಿಗೆ 1994ರಲ್ಲಿ ಶುರುವಾದ ಸ್ಮಾರ್ಟ್ ರಿಕವರಿ ಎಂಬ ಇನ್ನೊಂದು ಸಂಘಟನೆಯ ಮೀಟಿಂಗ್‌ಗಳಿವೆ. ಅಲ್ಲಿ ದೇವರ ಮಾತಿಲ್ಲ. ಯೋಚನೆಯ ಧಾಟಿಯನ್ನು ಗಮನಿಸಿ ಬದಲಿಸುವ ಅಭ್ಯಾಸಗಳಿರುತ್ತವೆ, ಪರಸ್ಪರ ಚರ್ಚೆಯೂ ನಡೆಯುತ್ತದೆ. ನಾನು ಎರಡಕ್ಕೂ ಹೋಗಿ ನೋಡಿದೆ. ಎಎಯಲ್ಲೇ ಒಂದು ಗುಂಪಿಗೂ ಇನ್ನೊಂದಕ್ಕೂ ಎಷ್ಟು ವ್ಯತ್ಯಾಸ ಅಂದರೆ, ಒಂದನ್ನು ನೋಡಿ ಇದು ನನಗಲ್ಲ ಅಂದುಬಿಡುವುದು ಅವಸರವಾಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೀಟಿಂಗ್ ಮುಗಿದ ತಕ್ಷಣ ಹೊರಗೆ ಓಡಬೇಕು ಅನಿಸುತ್ತದೆ. ಓಡಬೇಡಿ. ಕುರ್ಚಿ ಎತ್ತಿಡಲು ಕೈ ಜೋಡಿಸಿ. ನಾನು ಹಾಗೆ ಮಾಡುತ್ತಿದ್ದಾಗಲೇ ಒಬ್ಬ ಹಿರಿಯರು ಪಕ್ಕಕ್ಕೆ ಬಂದು, ಚೀಟಿಯಲ್ಲಿ ನಂಬರ್ ಬರೆದುಕೊಟ್ಟು, "ಕುಡಿಯೋಕೆ ಮುಂಚೆ ಮಾಡಿ, ಕುಡಿದ ಮೇಲಲ್ಲ" ಅಂದರು. ಆ ವಾರವೇ ಒಂದು ಸಂಜೆ ಆಸೆ ಜೋರಾಗಿ ಬಂತು. ಫೋನ್ ಮಾಡಿದೆ. "ಊಟ ಆಯ್ತಾ? ಯಾರ ಮೇಲಾದರೂ ಸಿಟ್ಟಿದೆಯಾ? ಒಬ್ಬರೇ ಇದ್ದೀರಾ? ಸುಸ್ತಾಗಿದೆಯಾ?" ಅಂತ ಕೇಳಿದರು. ಹಸಿವು, ಸಿಟ್ಟು, ಒಂಟಿತನ, ಸುಸ್ತು, ಈ ನಾಲ್ಕನ್ನು ಮೊದಲು ನೋಡಿಕೊಳ್ಳಿ ಅನ್ನುವುದು ಅಲ್ಲಿ ಎಲ್ಲರಿಗೂ ಬಾಯಿಪಾಠ. ನಾನು ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ. ಹೊಟ್ಟೆಗೆ ಹಾಕಿಕೊಂಡು ಇನ್ನಷ್ಟು ಹೊತ್ತು ಮಾತಾಡುವಷ್ಟರಲ್ಲಿ ಆಸೆಯ ಜೋರು ಇಳಿದಿತ್ತು.

ಎಎ ಹುಟ್ಟಿದ್ದೂ ಒಂದು ಫೋನ್‌ನಿಂದಲೇ. 1935ರಲ್ಲಿ ಅಮೆರಿಕದ ಆ್ಯಕ್ರನ್‌ನಲ್ಲಿ ಬಿಲ್ ವಿಲ್ಸನ್ ಹೋಟೆಲಿನಲ್ಲಿ ಒಬ್ಬರೇ ಇದ್ದರು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು, ಬಂದ ಕೆಲಸ ಕೆಟ್ಟಿತ್ತು, ಬಾರ್ ಕರೆಯುತ್ತಿತ್ತು. ಇನ್ನೊಬ್ಬ ಕುಡುಕನ ಜೊತೆ ಮಾತಾಡಬೇಕು ಅಂತ ಫೋನ್ ಮಾಡತೊಡಗಿದರು. ಹಾಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್. ಹದಿನೈದು ನಿಮಿಷ ಮಾತ್ರ ಅಂತ ಬಂದವರು ಗಂಟೆಗಟ್ಟಲೆ ಕೂತರು. ಎಎ ಶುರು ಮಾಡಿದ್ದು ಆ ಇಬ್ಬರೇ.

"ಸುಮ್ನೆ ಕೂತು ಮಾತಾಡಿದರೆ ಕುಡಿತ ಬಿಟ್ಟುಹೋಗುತ್ತಾ?" ಅಂತ ನನ್ನ ಅಣ್ಣ ಕೇಳಿದ್ದ. ಕಾಕ್ರೇನ್ ಎಂಬ ವೈದ್ಯಕೀಯ ಸಂಸ್ಥೆ 2020ರಲ್ಲಿ 27 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿತು. ಪೂರ್ತಿ ಕುಡಿಯದೇ ಇರುವ ವಿಷಯದಲ್ಲಿ, ಜನರನ್ನು ಎಎಗೆ ಸೇರಿಸುವ ವ್ಯವಸ್ಥಿತ ಕಾರ್ಯಕ್ರಮಗಳು ಬೇರೆ ಹೆಸರಾಂತ ಚಿಕಿತ್ಸೆಗಳಿಗಿಂತ ಮುಂದಿದ್ದವು. ಅಣ್ಣನಿಗೆ ಇದನ್ನು ಹೇಳಿದೆ. ಜೊತೆಗೆ, ಮನೆಯವರಿಗಾಗಿಯೇ ಇರುವ ಅಲ್-ಅನಾನ್ ಮೀಟಿಂಗ್‌ಗೂ ಹೋಗಿ ಬಾ ಅಂದೆ. ಅವನು ಇನ್ನೂ ಯೋಚಿಸುತ್ತಿದ್ದಾನೆ.

ಮಧ್ಯದಲ್ಲಿ ಕುಡಿದುಬಿಟ್ಟರೆ ಮತ್ತೆ ಮುಖ ತೋರಿಸುವುದು ಹೇಗೆ ಅಂತ ಹಲವರು ಕೇಳುತ್ತಾರೆ. ಸದಸ್ಯರಾಗಲು ಬೇಕಾದ್ದು ಕುಡಿತ ಬಿಡಬೇಕೆಂಬ ಆಸೆಯೊಂದೇ. ಹಾಗಾಗಿ ಬರಬಹುದು. ಅವತ್ತೇ ಕುಡಿದಿದ್ದರೆ ಮಾತಾಡದೆ ಕೇಳಿಸಿಕೊಳ್ಳಿ ಅಂತ ಬಹಳ ಗುಂಪುಗಳಲ್ಲಿ ಕೇಳಿಕೊಳ್ಳುತ್ತಾರೆ, ಅಷ್ಟೇ.