ನೀರಿನಂಚಿಗೆ ಟೆಂಟು ಹಾಕುವ ಮುಂಚೆ

ಶರಾವತಿ ಹಿನ್ನೀರಿನ ದಂಡೆಯಲ್ಲಿ ನಾವು ಮೊದಲ ಸಲ ಟೆಂಟು ಹಾಕಿದ್ದು ಒಂದು ಏಪ್ರಿಲ್ ಕೊನೆಯಲ್ಲಿ. ನಾನು, ನಮ್ಮ ಮನೆಯವರು, ಇಬ್ಬರು ಮಕ್ಕಳು. ಸಾಗರದ ಕಡೆಯ ಒಂದು ತೋಟದ ಮನೆಯವರು ತಮ್ಮ ಜಾಗದಲ್ಲಿ ಉಳಿಯಲು ಒಪ್ಪಿದ್ದರು. ಆ ಮನೆಯ ಅಜ್ಜಿ ಅಂಗಳದಾಚೆಯ ದಿಬ್ಬ ತೋರಿಸಿ, "ಇಲ್ಲೇ ಹಾಕ್ಕೊ ಮಗಾ, ಕೆಳಗೆ ಬ್ಯಾಡ" ಅಂದರು. ನಮಗೋ ನೀರು ಹತ್ತಿರವೇ ಬೇಕು. ಕಾರನ್ನೂ ಕೆಳಗಿಳಿಸಿ, ಬಿರುಕುಬಿಟ್ಟ ಒಣ ಬಯಲಿನ ನಡುವೆ ಗೂಟ ಹೊಡೆದೆವು.

ರಾತ್ರಿ ಹನ್ನೊಂದಕ್ಕೆ ಭರಣಿ ಮಳೆ ಬಂತು. ಗಾಳಿಗೆ ಅಡ್ಡ ಒಂದು ಮರವಿಲ್ಲ. ಟೆಂಟಿನ ಎರಡು ಕಡ್ಡಿ ಕಟಕ್ಕೆಂದು ಮುರಿದವು. ಮಕ್ಕಳನ್ನು ಎತ್ತಿಕೊಂಡು ಮಿಂಚಿನ ಬೆಳಕಲ್ಲೇ ದಿಬ್ಬ ಹತ್ತಿದೆವು. ಅಜ್ಜಿ ಒಂದು ಮಾತೂ ಆಡದೆ ಬಚ್ಚಲ ಒಲೆಗೆ ಕಟ್ಟಿಗೆ ತುಂಬಿದರು. ಬೆಳಿಗ್ಗೆ ನೋಡಿದರೆ ಕಾರಿನ ಚಕ್ರ ಅರ್ಧ ಹೂತಿತ್ತು, ಎಳೆಯಲು ಟ್ರ್ಯಾಕ್ಟರ್ ಬರಬೇಕಾಯಿತು.

ಅಂದಿನಿಂದ ಜಾಗ ಆರಿಸುವುದನ್ನು ನಾನು ತೋಟದ ಮನೆಯವರಿಗೇ ಬಿಟ್ಟಿದ್ದೇನೆ. ಮಲೆನಾಡಲ್ಲಿ ಟೆಂಟು ಹಾಕಲು ಹೊರಟವರಿಗೆ ಹೇಳುವ ಮೊದಲ ಮಾತೂ ಇದೇ: ಮಧ್ಯಾಹ್ನ ಮೂರರೊಳಗೆ ತಲುಪಿ, ತೋಟದವರನ್ನು ಕರೆದುಕೊಂಡು ಜಾಗದ ಸುತ್ತ ನಡೆಯಿರಿ. ಮಳೆ ಬಂದರೆ ನೀರು ಎತ್ತ ಇಳಿಯುತ್ತದೆ, ಹಂದಿ ಬರುವ ದಾರಿ ಯಾವುದು, ಕಾಟಿ (ಕಾಡುಕೋಣ) ಇಳಿಯುತ್ತದೆಯೇ, ಪ್ರಾಣಿಗಳನ್ನು ತಡೆಯುವ ಐಬೆಕ್ಸ್ ತಂತಿಬೇಲಿಗೆ ಕರೆಂಟು ಎಷ್ಟು ಹೊತ್ತಿಗೆ ಬಿಡುತ್ತಾರೆ, ಎಲ್ಲ ಕೇಳಿ. ಬೇಲಿಯ ವಿಷಯವನ್ನಂತೂ ಮಕ್ಕಳನ್ನು ಎದುರಿಗೆ ನಿಲ್ಲಿಸಿಕೊಂಡೇ ಕೇಳಿ.

ಹಿನ್ನೀರನ್ನು ಕೆರೆಯಂತೆ ನೋಡಬೇಡಿ. ಈ ನೀರನ್ನು ತಡೆದು ನಿಲ್ಲಿಸಿರುವ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ, ಅದರ ನೀರಿನ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮಳೆಗಾಲ ಕಳೆದಾಗ ದಂಡೆಯ ಮರದ ಬುಡಕ್ಕೆ ತಾಗಿಕೊಂಡಿದ್ದ ನೀರು ಬೇಸಿಗೆಯ ಹೊತ್ತಿಗೆ ಬಹಳ ದೂರ ಸರಿದಿರುತ್ತದೆ. ನಡುವೆ ಬಿದ್ದಿರುವ ಬಯಲು ಮೇಲೆ ಒಣಗಿ ಕಂಡರೂ ಅಡಿಯಲ್ಲಿ ಹೂಳು. ಅದು ತೋಟದವರ ಖಾತೆಯ ಜಮೀನೂ ಅಲ್ಲ, ಮುಳುಗಡೆ ಜಾಗ. ಟೆಂಟು ಪಟ್ಟಾ ಜಮೀನಿನ ಗಟ್ಟಿ ನೆಲದ ಮೇಲಿರಲಿ, ನೀರು ನೋಡಲು ನಡೆದು ಹೋಗಿ. ಪಕ್ಕದ ಕಾಡಿನೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಟೆಂಟು ಹಾಕುವಂತಿಲ್ಲ. ಶರಾವತಿ ಕಣಿವೆಯ ಬಹುಭಾಗ ಅಭಯಾರಣ್ಯ.

ಈಜುವ ಆಸೆಯನ್ನೂ ಹಿಡಿತದಲ್ಲಿಡಿ. ಈ ನೀರಿನಡಿ ಊರುಗಳಿವೆ, ಗದ್ದೆಗಳಿವೆ, ಬಾವಿಗಳಿವೆ. ನಿಂತಲ್ಲೇ ಮುಳುಗಿದ ಮರಗಳ ಬೊಡ್ಡೆಗಳು ಇನ್ನೂ ಇವೆ, ಬೇಸಿಗೆಯಲ್ಲಿ ಅವು ಕಪ್ಪಗೆ ತಲೆ ಎತ್ತುತ್ತವೆ. ಮೊಣಕಾಲುದ್ದ ಇದ್ದ ನೀರು ಮುಂದಿನ ಹೆಜ್ಜೆಗೆ ಆಳಕ್ಕಿಳಿಯುವುದು ಹಳೆಯ ಗದ್ದೆಯ ಅಂಚು ದಾಟಿದಾಗ. ಲೈಫ್ ಜಾಕೆಟ್ ಇಲ್ಲದೆ ನಮ್ಮ ಮಕ್ಕಳು ನೀರಿಗಿಳಿಯುವುದಿಲ್ಲ, ನಾವೂ ಇಳಿಯುವುದಿಲ್ಲ. ಅಣೆಕಟ್ಟಿನ ಕೆಳಗಿನ ಹೊಳೆದಂಡೆಯಾದರೆ ಇನ್ನೊಂದು ಅಪಾಯ: ಮೇಲೆ ನೀರು ಬಿಟ್ಟಾಗ ಮಳೆಯಿಲ್ಲದ ದಿನವೂ ಹೊಳೆ ಏರುತ್ತದೆ. ಅಲ್ಲಿ ಹೊಳೆಯ ನಡುಗಡ್ಡೆಯಲ್ಲಂತೂ ಮಲಗಲೇಬೇಡಿ.

ಕಾಲದ ಮಾತಿಗೆ ಬಂದರೆ, ಸ್ವಾತಿ ಮಳೆ ಕಳೆದ ಮೇಲೆ, ನವೆಂಬರ್ ಮಧ್ಯದಿಂದ ಫೆಬ್ರವರಿವರೆಗೆ ನನಗೆ ಇಷ್ಟ. ಮಳೆಗಾಲದ ಟೆಂಟು ನಾನು ಯಾರಿಗೂ ಹೇಳುವುದಿಲ್ಲ. ಇಂಬಳದ (ಜಿಗಣೆಯ) ಕಾಟವನ್ನು ಉಪ್ಪು, ಸುಣ್ಣ, ಹೊಗೆಸೊಪ್ಪಿನಿಂದ ತಡೆಯಬಹುದು. ಜಾರುವ ಧರೆಯನ್ನು ತಡೆಯಲಾಗದು. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆಯ ಗುಡುಗು ಮಳೆ ಇದ್ದದ್ದೇ. ಸಿಡಿಲಿನ ಮುನ್ಸೂಚನೆಗೆ ದಾಮಿನಿ ಆ್ಯಪ್ ಇದೆ, ಆದರೆ ಹಿನ್ನೀರಿನ ಎಷ್ಟೋ ಕಡೆ ಸಿಗ್ನಲ್ ಸಿಗುವುದಿಲ್ಲ. ಗುಡುಗು ಕೇಳಿದ ತಕ್ಷಣ ಟೆಂಟು ಬಿಟ್ಟು ಮನೆಯೊಳಗೆ ಹೋಗಿ.

ಒಣ ದಿನಗಳಿಗೂ ಒಂದು ಕಷ್ಟವಿದೆ, ಅದನ್ನು ಮುಚ್ಚಿಡಬಾರದು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಹರಡುವುದು ಉಣುಗಿನಿಂದ, ಅಂದರೆ ರಕ್ತ ಹೀರುವ ಉಣ್ಣೆಯಿಂದ, ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ. ಅಂದರೆ ಟೆಂಟಿನ ಕಾಲವೂ ಉಣುಗಿನ ಕಾಲವೂ ಒಂದೇ. ಹೊರಡುವ ಮುಂಚೆ ಆ ಊರಿನ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ ಕೇಳಿ. ಸುತ್ತಮುತ್ತ ಮಂಗ ಸತ್ತ ಸುದ್ದಿ ಇದ್ದರೆ ಹೋಗಬೇಡಿ. ಹೋದ ಮೇಲೆ ದರಗಿನ (ಉದುರಿದ ಒಣ ಎಲೆಯ) ಮೇಲೆ ಕೂರಬೇಡಿ, ದನ ಮಲಗುವ ಜಾಗದಲ್ಲಿ ಟೆಂಟು ಬೇಡ, ಮೆತ್ತಗಿರಲೆಂದು ಒಣಹುಲ್ಲು ಹಾಸುವುದೂ ಬೇಡ. ತುಂಬುತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ ಸಿಕ್ಕರೆ ಹಚ್ಚಿಕೊಳ್ಳಿ. ಸಂಜೆ ಮಕ್ಕಳ ಕಿವಿಯ ಹಿಂದೆ, ಕಂಕುಳು, ಮೊಣಕಾಲ ಸಂದು ಟಾರ್ಚ್ ಹಿಡಿದು ನೋಡುತ್ತೇನೆ. ಮರಿ ಉಣುಗು ಎಳ್ಳಿಗಿಂತ ಸಣ್ಣದು, ಕೂದಲ ಬುಡದಲ್ಲಿ ಮಚ್ಚೆಯಂತೆ ಕಾಣುತ್ತದೆ. ಮನೆಗೆ ಬಂದ ಹತ್ತು ದಿನದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ ಎಲ್ಲಿಗೆ ಹೋಗಿದ್ದಿರಿ ಎಂದು ಮೊದಲೇ ಹೇಳಿ.

ಇನ್ನು ಟೆಂಟು. ಎರಡು ಪದರದ್ದೇ ಇರಲಿ. ಡಿಸೆಂಬರಿನ ಇಬ್ಬನಿಗೆ ಒಂದೇ ಪದರದ ಟೆಂಟಿನೊಳಗೆ ಬೆಳಗಿನ ಜಾವ ಮೂಗಿನ ಮೇಲೆ ತಣ್ಣನೆ ಹನಿ ಬೀಳುತ್ತದೆ, ನಮ್ಮ ಉಸಿರೇ ನೀರಾಗಿ. ಚಳಿಯಾದರೂ ಕಿಟಕಿ ನಾಲ್ಕು ಬೆರಳು ತೆರೆದಿಡಿ. ಟೆಂಟಿನ ಕೆಳಗೆ ಹಾಸುವ ಟಾರ್ಪಾಲು ಅದರಿಂದ ಹೊರಗೆ ಇಣುಕಬಾರದು. ಇಣುಕಿದರೆ ಮಳೆನೀರನ್ನು ಹಿಡಿದು ಒಳಗೇ ತರುತ್ತದೆ. ಜಂಬಿಟ್ಟಿಗೆ ನೆಲಕ್ಕೆ ಟೆಂಟಿನ ಜೊತೆ ಬರುವ ತೆಳು ಗೂಟ ಬಾಗುತ್ತದೆ, ಅಲ್ಲಿ ಹಗ್ಗವನ್ನು ಕಲ್ಲಿಗೆ ಕಟ್ಟಿ. ತೆಂಗಿನ ಕೆಳಗೆ, ಅಡಿಕೆ ಮರದ ಕೆಳಗೆ ಎಂದಿಗೂ ಬೇಡ. ಒಂದು ಸೋಗೆ ಹಾಳೆ ಸಮೇತ ಬಿದ್ದ ಸದ್ದು ಕೇಳಿದ್ದರೆ ನಿಮಗೇ ಗೊತ್ತಾಗುತ್ತದೆ. ಚಪ್ಪಲಿ, ಶೂ ಟೆಂಟಿನೊಳಗೇ ಇರಲಿ, ಹಾಕುವ ಮುಂಚೆ ಕೊಡವಿ. ಕತ್ತಲಲ್ಲಿ ಟಾರ್ಚ್ ಇಲ್ಲದೆ ಒಂದು ಹೆಜ್ಜೆಯೂ ಬೇಡ, ಕೊಳಕುಮಂಡಲ ದಾರಿ ಬಿಡುವ ಹಾವಲ್ಲ.

ನೀವು ಹೋಗುವ ಹೊತ್ತಿಗೆ ತೋಟದ ಮನೆಯಲ್ಲಿ ಅಡಿಕೆ ಕೊಯ್ಲು ನಡೆದಿರುತ್ತದೆ. ಅಂಗಳದ ತುಂಬ ಅಡಿಕೆ, ರಾತ್ರಿ ಹತ್ತಾದರೂ ಸುಲಿಯುವ ಕೆಲಸ. ಕಾರನ್ನು ಅಂಗಳಕ್ಕೆ ತರಬೇಡಿ. ಊಟ, ತಿಂಡಿ ಅಲ್ಲೇ ಎಂದಾದರೆ ಎರಡು ದಿನ ಮೊದಲೇ ಹೇಳಿ, ದುಡ್ಡಿನ ಮಾತನ್ನೂ ಆಗಲೇ ಮುಗಿಸಿ. ಗುಡ್ಡದಿಂದ ಪೈಪಿನಲ್ಲಿ ಇಳಿದು ಬರುವ ಅಬ್ಬಿ ನೀರೇ ಎಷ್ಟೋ ಮನೆಗಳಿಗೆ ಕುಡಿಯಲೂ ತೋಟಕ್ಕೂ. ಅದರ ಹತ್ತಿರ ಸೋಪು ಹಚ್ಚಬೇಡಿ. ಅಡುಗೆಗೆ ಸಣ್ಣ ಗ್ಯಾಸ್ ಒಲೆ ಸಾಕು. ಬೆಂಕಿ ಹಾಕಲೇಬೇಕೆಂದರೆ ಅವರು ತೋರಿಸಿದ ಜಾಗದಲ್ಲಿ ಮಾತ್ರ. ಸೊಪ್ಪು, ದರಗು ತರುವ ಸೊಪ್ಪಿನಬೆಟ್ಟಕ್ಕೆ ಒಂದು ಕಿಡಿ ಹಾರಿದರೆ ಅವರ ತೋಟದ ಗೊಬ್ಬರ, ಕೊಟ್ಟಿಗೆಯ ಹಾಸು ಎರಡೂ ಹೋಯಿತು. ಶೌಚಕ್ಕೆ ಮನೆಯದನ್ನೇ ಕೇಳಿ. ಇಲ್ಲದಿದ್ದರೆ ನೀರಿನಿಂದ 200 ಅಡಿ ದೂರ, ಅರ್ಧ ಅಡಿ ಆಳದ ಗುಂಡಿ, ಮಣ್ಣು ಮುಚ್ಚಿ.

ಹೊರಡುವಾಗ ಗೂಟ ಎಣಿಸಿ. ನಮ್ಮ ಟೆಂಟಿಗೆ ಹದಿನಾಲ್ಕು. ಹೋದ ವರ್ಷ ಹದಿಮೂರೇ ಸಿಕ್ಕವು. ಆ ದಿಬ್ಬದಲ್ಲಿ ಮಧ್ಯಾಹ್ನ ದನ ಬಿಡುತ್ತಾರೆ, ಗೊರಸಿಗೆ ಚುಚ್ಚಿದರೆ ಏನು ಗತಿ ಎಂದು ಚಿಕ್ಕವಳು ಹುಲ್ಲಲ್ಲಿ ಮೊಣಕಾಲೂರಿ ಮುಕ್ಕಾಲು ಗಂಟೆ ಹುಡುಕಿದಳು. ಕೊನೆಗೆ ಅಜ್ಜಿಯೇ ಸೀರೆ ಎತ್ತಿಕಟ್ಟಿ ಬಂದು, ಕೋಲಿನಿಂದ ಹುಲ್ಲು ಸರಿಸಿ, ಅದನ್ನು ಎತ್ತಿ ಅವಳ ಕೈಗಿಟ್ಟರು.